ಗಂಟೆಯ ಲೆಕ್ಕದಲ್ಲಿ ಕಳೆದುಹೋಗುವ ದುಡಿಮೆ

ನಾನು ಎಟಿಆರ್ 72 ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನದ ಕೋಪೈಲಟ್. ಒಂದೇ ದಿನ ಆರು ಲ್ಯಾಂಡಿಂಗ್ ಮಾಡಿದ್ದೂ ಇದೆ. ಮುಂಬೈ ಪಕ್ಕದ ಡೊಂಬಿವಲಿಯ ಮನೆಯಿಂದ ನಸುಕಿನ ಮೂರಕ್ಕೆ ಹೊರಟರೆ ವಾಪಸ್ ಬರುವಾಗ ಸಂಜೆ. ಸಂಬಳದ ಲೆಕ್ಕದಲ್ಲಿ ಮಾತ್ರ ಆ ದಿನ ಐದು ಗಂಟೆ ಹತ್ತು ನಿಮಿಷ. ನಿಂತ ವಿಮಾನದ ಚಕ್ರಕ್ಕೆ ಕೊಡುವ ತಡೆ, ಅಂದರೆ ಚಾಕ್, ತೆಗೆದಲ್ಲಿಂದ ಮತ್ತೆ ಇಡುವ ತನಕ ಮಾತ್ರ ಬ್ಲಾಕ್ ಅವರ್; ಸಂಬಳ ಅದಕ್ಕಷ್ಟೇ. ನಡುವೆ ಜನ ಇಳಿದು ಹತ್ತುವ ಅರ್ಧ ಗಂಟೆಯಲ್ಲಿ ಲೋಡ್‌ಶೀಟ್ (ವಿಮಾನದ ತೂಕದ ಲೆಕ್ಕ), ಇಂಧನ, ಮುಂದಿನ ಊರಿನ ಹವಾಮಾನ ಎಲ್ಲ ನೋಡುತ್ತೇವೆ, ಅದಕ್ಕೆ ದುಡ್ಡಿಲ್ಲ. ದೆಹಲಿಗೆ ಹೋಗುವ ಜೆಟ್‌ನವರಿಗೆ ಒಂದು ಲ್ಯಾಂಡಿಂಗ್‌ಗೆ ಎರಡು ಗಂಟೆ ಸಿಗುತ್ತದೆ. ನಮಗೆ ಅದೇ ಎರಡು ಗಂಟೆಗೆ ಮೂರು ಲ್ಯಾಂಡಿಂಗ್ ಬೇಕು.

ಉಡಾನ್ ಯೋಜನೆಯ ಮೊದಲ ವಿಮಾನ ಹಾರಿದ್ದು 2017ರ ಏಪ್ರಿಲ್‌ನಲ್ಲಿ. ಸಣ್ಣ ಊರುಗಳಿಗೆ ವಿಮಾನ ಬರುತ್ತಿದೆ ಎಂಬ ಆ ಹುಮ್ಮಸ್ಸಿನಲ್ಲೇ ನಾನೂ ಕೆಲಸಕ್ಕೆ ಸೇರಿದೆ. ಒಪ್ಪಂದ ಓದದೆ ಸಹಿ ಹಾಕಿದೆ. ಟೈಪ್ ರೇಟಿಂಗ್, ಅಂದರೆ ಈ ಮಾದರಿಯ ವಿಮಾನ ಹಾರಿಸುವ ತರಬೇತಿಯ, ಖರ್ಚಿಗೆ ಐದು ವರ್ಷದ ಬಾಂಡ್. ನಾಲ್ಕು ವರ್ಷ ಹನ್ನೊಂದು ತಿಂಗಳು ದುಡಿದು ಬಿಟ್ಟರೂ ಪೂರ್ತಿ ಮೊತ್ತ ಕಟ್ಟಬೇಕು. ತಿಂಗಳಿಗೆ 70 ಗಂಟೆಯ ಸಂಬಳ ಖಾತ್ರಿ ಎಂದಿತ್ತು. ಮಳೆಗಾಲದಲ್ಲಿ ಹಾರಾಟ ರದ್ದಾಗಿ ಗಂಟೆ ಇಳಿದಾಗ ಖಾತ್ರಿಯೂ ಇಳಿಯಿತು.

ಒಪ್ಪಂದವನ್ನು ಮುಲುಂಡಿನ ಸೋದರಮಾವನ ಹತ್ತಿರ ಒಯ್ದೆ. ಅವರು ಬ್ಯಾಂಕ್ ನೌಕರಿ, ಯೂನಿಯನ್ ಎರಡರಲ್ಲೂ ತಲೆ ನೆರೆಸಿಕೊಂಡವರು. ಬ್ಯಾಂಕ್ ಆಡಳಿತ ಮತ್ತು ನೌಕರರ ಯೂನಿಯನ್‌ಗಳ ನಡುವಿನ ಮೊದಲ ದ್ವಿಪಕ್ಷೀಯ ಒಪ್ಪಂದ ಆದದ್ದು 1966ರಲ್ಲಿ; ಅದರ ಕಥೆ ಕೇಳಿಯೇ ನಾನು ಬೆಳೆದದ್ದು. ಮಾವ ಮೊದಲ ಪುಟ ನೋಡಲೇ ಇಲ್ಲ. ನೇರ ಅನುಬಂಧಕ್ಕೆ ಹೋಗಿ, "ಕಂಪನಿ ಕಾಲಕಾಲಕ್ಕೆ ಬದಲಿಸಬಹುದು" ಎಂಬ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದರು. "ಎಂತ ಮಾರಾಯ, ಇದೊಂದು ಸಾಲು ಇದ್ದ ಮೇಲೆ ಉಳಿದ ಇಪ್ಪತ್ತು ಪುಟ ಯಾಕೆ? ನಿನ್ನ ಹಾಗೆ ಎಷ್ಟು ಜನ ಇದ್ದೀರಿ?"

ಏಳು ಜನ ಇದ್ದೆವು. ಆದರೆ ಆಗ ಕೇಳಿ ಪ್ರಯೋಜನವಿರಲಿಲ್ಲ. ದೇಶದಲ್ಲಿ ಎಟಿಆರ್ ಹಾರಿಸುವ ಕಂಪನಿಗಳು ಬೆರಳೆಣಿಕೆ, ಹೊಸ ಕೋಪೈಲಟ್‌ಗಳು ರಾಶಿ. ನಮ್ಮ ಕೈ ಸ್ವಲ್ಪ ಮೇಲಾಗುವುದು 1,500 ಗಂಟೆ ಹಾರಾಟ ತುಂಬಿ, ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್ ಬಂದಾಗ. ಕ್ಯಾಪ್ಟನ್ ಆಗಬಲ್ಲವರನ್ನು ಕಳೆದುಕೊಳ್ಳಲು ಯಾವ ಕಂಪನಿಯೂ ತಯಾರಿರುವುದಿಲ್ಲ. ಅಲ್ಲಿಯ ತನಕ ಕಾದೆವು. ಕಾಯುತ್ತಾ ಎಂಟು ತಿಂಗಳ ರೋಸ್ಟರ್ (ಡ್ಯೂಟಿ ಪಟ್ಟಿ) ತೆಗೆದು ಡ್ಯೂಟಿ ಗಂಟೆ, ಬ್ಲಾಕ್ ಗಂಟೆ, ಲ್ಯಾಂಡಿಂಗ್ ಮೂರನ್ನೂ ಬರೆದಿಟ್ಟೆವು.

ಕ್ಯಾಪ್ಟನ್ ಅಪ್‌ಗ್ರೇಡ್‌ನ ಹೊಸ ಒಪ್ಪಂದ ಕೈಗೆ ಬಂದಾಗ ಒಬ್ಬರೂ ಸಹಿ ಹಾಕಲಿಲ್ಲ. ವಿಮಾನಯಾನ ನಿಯಂತ್ರಕ ಡಿಜಿಸಿಎ 2017ರಲ್ಲಿ ತಂದ ನಿಯಮದಂತೆ ಕೆಲಸ ಬಿಡಲು ಕೋಪೈಲಟ್‌ಗೆ ಆರು ತಿಂಗಳ ನೋಟಿಸ್, ಕ್ಯಾಪ್ಟನ್‌ಗೆ ಒಂದು ವರ್ಷ. ಅಂದರೆ ಭುಜದ ಮೇಲೆ ಕ್ಯಾಪ್ಟನ್‌ನ ನಾಲ್ಕನೇ ಪಟ್ಟಿ ಬಿದ್ದ ದಿನವೇ ಹೊರಹೋಗುವ ದಾರಿ ಇನ್ನೂ ಆರು ತಿಂಗಳು ದೂರವಾಗುತ್ತದೆ. ಕೇಳುವುದೇನಿದ್ದರೂ ಅದಕ್ಕೆ ಮೊದಲೇ ಕೇಳಬೇಕು. ಏಳೂ ಜನ ಒಂದೇ ಪತ್ರಕ್ಕೆ ಸಹಿ ಹಾಕಿ ಕೊಟ್ಟೆವು: ಬಾಂಡ್ ಮೊತ್ತ ತಿಂಗಳಿಂದ ತಿಂಗಳಿಗೆ ಇಳಿಯಬೇಕು, 70 ಗಂಟೆಯ ಖಾತ್ರಿಯನ್ನು ಮುಟ್ಟಬಾರದು, ಪ್ರತಿ ಲ್ಯಾಂಡಿಂಗ್‌ಗೆ ಭತ್ಯೆ ಬೇಕು, ಒಪ್ಪಿಗೆ ಇಲ್ಲದೆ ಬೇಸ್, ಅಂದರೆ ನಾವು ನೆಲೆಸಿ ಡ್ಯೂಟಿ ಮಾಡುವ ಊರು, ಬದಲಿಸಬಾರದು.

ಎಚ್‌ಆರ್‌ನವರು ಒಬ್ಬೊಬ್ಬರನ್ನೇ ಕರೆದರು. ನಾವು ಜೋಡಿಯಾಗಿಯೇ ಹೋದೆವು. ಎರಡನೇ ಸಭೆಯಲ್ಲಿ ರೋಸ್ಟರ್ ಲೆಕ್ಕವನ್ನು ಮೇಜಿನ ಮೇಲಿಟ್ಟ ಮೇಲೆ ಮಾತಿನ ಧಾಟಿ ಬದಲಾಯಿತು. ಬಾಂಡ್ ಇಳಿಕೆ, ಖಾತ್ರಿ ಎರಡೂ ಸಿಕ್ಕವು. ಭತ್ಯೆ ದಿನದ ನಾಲ್ಕನೇ ಲ್ಯಾಂಡಿಂಗ್‌ನಿಂದ ಮಾತ್ರ.

ಈಗ ಮನೆಗೆ ಬರುವ ಹೊಸ ಪೈಲಟ್ ಹುಡುಗರಲ್ಲಿ ಕೆಲವರು "ಬಾಂಡ್‌ಗೆ ಕೋರ್ಟಿನಲ್ಲಿ ಬೆಲೆ ಇಲ್ಲ ಅಣ್ಣ" ಅನ್ನುತ್ತಾರೆ. ದಯವಿಟ್ಟು ಆ ಧೈರ್ಯದಲ್ಲಿ ಸಹಿ ಹಾಕಬೇಡಿ. ವಿಜಯಾ ಬ್ಯಾಂಕಿನ ಮೂರು ವರ್ಷದ, ಎರಡು ಲಕ್ಷದ ಬಾಂಡನ್ನು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಎತ್ತಿಹಿಡಿದಿದೆ. ಅದೂ ಕರ್ನಾಟಕ ಹೈಕೋರ್ಟಿನ ತೀರ್ಪನ್ನು ಬದಿಗಿಟ್ಟು.

ಬೇಸ್ ವಿಷಯದಲ್ಲಿ ಮಾತ್ರ ಕಂಪನಿ ಜಗ್ಗಲಿಲ್ಲ. ನಮ್ಮಲ್ಲಿ ಇಬ್ಬರು ಹೆಂಡತಿ ಮಕ್ಕಳನ್ನು ಇಲ್ಲೇ ಬಿಟ್ಟು ಬೇರೆ ಊರಿಗೆ ಹೋಗಿದ್ದಾರೆ. ಅವರ ಹೆಸರನ್ನೇ ಮೊದಲು ಬರೆದು ಮುಂದಿನ ಪತ್ರದ ಕರಡು ತಯಾರು ಮಾಡಿದ್ದೇವೆ. ಮಾವ ಅದನ್ನು ಎರಡು ಸಲ ತಿದ್ದಿ ಕೊಟ್ಟಿದ್ದಾರೆ.