ಕ್ರಾಲರ್‌ಗೆ 2ಎಸ್ ಸಾಕೇ, 3ಎಸ್ ಬೇಕೇ: ನಾನು ಹಾಕುವ ಲೆಕ್ಕ

ಬ್ರಷ್‌ಲೆಸ್ ಮೋಟಾರ್ ಇರುವ ರಾಕ್ ಕ್ರಾಲರ್‌ಗೆ, ಅಂದರೆ ಬಂಡೆಗಳ ಮೇಲೆ ರಿಮೋಟಿನಿಂದ ಓಡಿಸುವ ಪುಟ್ಟ ಗಾಡಿಗೆ, 2ಎಸ್ (ಎರಡು ಸೆಲ್) ಬದಲು 3ಎಸ್ (ಮೂರು ಸೆಲ್) ಬ್ಯಾಟರಿ ಕೊಟ್ಟರೆ ಬಂಡೆ ಹತ್ತುವ ಬಲ ತಾನಾಗಿ ಹೆಚ್ಚುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಹಾಗಾಗುವುದಿಲ್ಲ. ಟಾರ್ಕ್ (ತಿರುಗಿಸುವ ಬಲ) ಹುಟ್ಟುವುದು ಕರೆಂಟಿನಿಂದ, ವೋಲ್ಟೇಜ್ ಕೊಡುವುದು ವೇಗ. ಹೆಚ್ಚಿಗೆ ಸಿಕ್ಕ ವೇಗವನ್ನು ಗೇರಿನಲ್ಲಿ ಇಳಿಸಿಕೊಂಡರೆ ಮಾತ್ರ ಅದು ಚಕ್ರದ ಬಲವಾಗಿ ಕೈಗೆ ಬರುತ್ತದೆ.

ಹಾಗಾಗಿ ನಾನು ಲೆಕ್ಕ ಶುರು ಮಾಡುವುದು ಚಕ್ರದಿಂದ. 1/10 ಅಳತೆಯ ಗಾಡಿ, ಟೈರಿನ ವ್ಯಾಸ 120 ಮಿ.ಮೀ. ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ ಸುಮಾರು 377 ಮಿ.ಮೀ. ಸಾಗುತ್ತದೆ. ಬಂಡೆಗೆಂದೇ ಇಟ್ಟ ಗಾಡಿಗೆ ಗಂಟೆಗೆ 7–8 ಕಿ.ಮೀ. ಗರಿಷ್ಠ ವೇಗ ಧಾರಾಳ. ಜೊತೆಗೆ ನಡೆದುಕೊಂಡು ಹೋಗುವ ಟ್ರೇಲ್ (ಕಾಲುದಾರಿ) ಗಾಡಿಗೆ 10–12 ಇದ್ದರೆ ಹಿತ.

ಮೋಟಾರಿನ ಕೆವಿ ಅಂಕಿಯನ್ನು (ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು) ವೋಲ್ಟೇಜ್‌ನಿಂದ ಗುಣಿಸಿದರೆ ಭಾರವಿಲ್ಲದಾಗಿನ ಆರ್‌ಪಿಎಂ ಸಿಗುತ್ತದೆ. 1800 ಕೆವಿ ಮೋಟಾರ್ 2ಎಸ್‌ನಲ್ಲಿ, ಅಂದರೆ 7.4 ವೋಲ್ಟ್‌ನಲ್ಲಿ, 13,320 ಸುತ್ತುತ್ತದೆ. 15 ಹಲ್ಲಿನ ಪಿನಿಯನ್ (ಮೋಟಾರ್ ಶಾಫ್ಟ್‌ನ ಚಿಕ್ಕ ಗೇರ್) ಇದ್ದು ಒಟ್ಟು ಗೇರ್ ಅನುಪಾತ 40 ಆದರೆ ಚಕ್ರ ನಿಮಿಷಕ್ಕೆ 333 ಸುತ್ತು, ಗಂಟೆಗೆ 7.5 ಕಿ.ಮೀ. ಅದೇ ಗಾಡಿಗೆ 11.1 ವೋಲ್ಟ್‌ನ 3ಎಸ್ ಹಾಕಿ ಬೇರೇನನ್ನೂ ಮುಟ್ಟದಿದ್ದರೆ ವೇಗ 11.3 ಆಗುತ್ತದೆ, ಅಷ್ಟೆ. ಬಲ ಇದ್ದಲ್ಲೇ ಇರುತ್ತದೆ. ಮೇಲಾಗಿ ರಿಮೋಟಿನ ಟ್ರಿಗರ್‌ನ ಶೇಕಡ 1ರ ಒತ್ತು ಮೊದಲು ಸೆಕೆಂಡಿಗೆ 2 ಸೆಂ.ಮೀ. ಆಗಿದ್ದದ್ದು ಈಗ 3 ದಾಟುತ್ತದೆ. ಬಂಡೆಯ ಅಂಚಿನಲ್ಲಿ ಒಂದೇ ಚಕ್ರ ಹಿಡಿದು ನಿಂತಾಗ ಆ ಒಂದು ಸೆಂ.ಮೀ. ಗಾಡಿಯನ್ನು ಉರುಳಿಸಬಹುದು.

ಈಗ ಪಿನಿಯನ್ ಅನ್ನು 15 ಹಲ್ಲಿನಿಂದ 10ಕ್ಕೆ ಇಳಿಸಿ. ಅನುಪಾತ 60 ಆಗುತ್ತದೆ, ವೇಗ ಮತ್ತೆ 7.5ಕ್ಕೆ ಬರುತ್ತದೆ. ಚಕ್ರಕ್ಕೆ ಅಷ್ಟೇ ಬಲ ಕೊಡಲು ಮೋಟಾರಿಗೆ ಮೂರರಲ್ಲಿ ಎರಡು ಪಾಲು ಕರೆಂಟ್ ಸಾಕು. ಸುರುಳಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ ಅದು ಶೇಕಡ 44ಕ್ಕೆ ಇಳಿಯುತ್ತದೆ. 3ಎಸ್‌ಗೆ ಹೋಗಲು ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ. ಪಿನಿಯನ್ ಬದಲಿಸದೆ ಬ್ಯಾಟರಿ ಮಾತ್ರ ಬದಲಿಸುವವರಿಗೆ ಈ ಲಾಭ ಸಿಗುವುದೇ ಇಲ್ಲ.

ಕೊಳ್ಳುವ ಮೊದಲು ಮೋಟಾರ್ ಮೌಂಟ್ ನೋಡಿ. 32 ಪಿಚ್‌ನಲ್ಲಿ (ಪಿಚ್ ಅಂದರೆ ಹಲ್ಲಿನ ಅಳತೆ, ಅಂಕಿ ದೊಡ್ಡದಾದಷ್ಟು ಹಲ್ಲು ಚಿಕ್ಕದು) 15ರಿಂದ 10 ಹಲ್ಲಿಗೆ ಬಂದರೆ ಮೋಟಾರ್ ಸ್ಪರ್ ಗೇರಿನ (ಪಿನಿಯನ್ ತಿರುಗಿಸುವ ದೊಡ್ಡ ಗೇರ್) ಕಡೆಗೆ 2 ಮಿ.ಮೀ. ಸರಿಯಬೇಕು, ಸ್ಲಾಟ್‌ನಲ್ಲಿ ಅಷ್ಟು ಜಾಗ ಇರಬೇಕು. 48 ಪಿಚ್‌ನಲ್ಲಿ 10 ಹಲ್ಲಿನ ಪಿನಿಯನ್‌ಗೆ 3.175 ಮಿ.ಮೀ. ಶಾಫ್ಟ್‌ನ ಸುತ್ತ ಉಳಿಯುವ ಲೋಹ ತೀರಾ ತೆಳು, ಅದನ್ನು ನಾನು ಹಾಕುವುದಿಲ್ಲ. ಅಲ್ಲಿ ಕಡಿಮೆ ಕೆವಿಯ ಮೋಟಾರ್ ತರುವುದೇ ಸರಿ: 1200 ಕೆವಿ 3ಎಸ್‌ನಲ್ಲಿ ಸುತ್ತುವುದೂ ಅದೇ 13,320. ಆದರೆ ಅಷ್ಟೇ ಗಾತ್ರದ ಮೋಟಾರಿನಲ್ಲಿ ಕೆವಿ ಇಳಿಸಿದರೆ ತಂತಿ ಸಪೂರವಾಗಿ ಸುತ್ತು ಹೆಚ್ಚುವುದರಿಂದ ಮೋಟಾರಿನ ಬಿಸಿ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ) ಮತ್ತು ವೈರುಗಳು ತಣ್ಣಗಿರುತ್ತವೆ.

ನಿಧಾನ ವೇಗದಲ್ಲಿ ಮೋಟಾರ್ ಗಡಗಡ ನಡುಗಿದರೆ ಅದಕ್ಕೆ ವೋಲ್ಟೇಜ್ ಮದ್ದಲ್ಲ. ಸೆನ್ಸರ್ ಇಲ್ಲದ ಮೋಟಾರ್ ನಿಂತಾಗ ರೋಟರ್ (ಮೋಟಾರಿನ ತಿರುಗುವ ಭಾಗ) ಎಲ್ಲಿದೆ ಎಂಬುದು ಇಎಸ್‌ಸಿಗೆ ತಿಳಿಯುವುದಿಲ್ಲ. ಕ್ರಾಲರ್‌ಗೆ ಸೆನ್ಸರ್ಡ್ ಅಥವಾ ಎಫ್‌ಒಸಿ (ರೋಟರಿನ ಸ್ಥಾನಕ್ಕೆ ತಕ್ಕಂತೆ ಕರೆಂಟ್ ಹೊಂದಿಸುವ) ವ್ಯವಸ್ಥೆಯೇ ಬೇಕು.

ಸ್ಟೀರಿಂಗ್ ಸರ್ವೋ (ಚಕ್ರವನ್ನು ಎಡಬಲಕ್ಕೆ ತಿರುಗಿಸುವ ಮೋಟಾರ್) ಕಡೆಗೂ ಗಮನವಿರಲಿ. ಬಿಇಸಿಯನ್ನು (ಸರ್ವೋ, ರಿಸೀವರ್‌ಗೆ ವಿದ್ಯುತ್ ಕೊಡುವ ಭಾಗ) 7.4 ವೋಲ್ಟ್‌ಗೆ ಇಟ್ಟರೂ 2ಎಸ್ ಬ್ಯಾಟರಿ ಭಾರಕ್ಕೆ 6.5ಕ್ಕೆ ಕುಸಿದರೆ ಬಿಇಸಿ ಅಷ್ಟನ್ನು ಎಲ್ಲಿಂದ ಕೊಟ್ಟೀತು? ಬಂಡೆಯ ಸಂದಿಗೆ ಸಿಕ್ಕಿದ ಚಕ್ರವನ್ನು ಸರ್ವೋ ಅರ್ಧಕ್ಕೇ ಬಿಡುತ್ತದೆ, ಕೆಲವೊಮ್ಮೆ ರಿಸೀವರೇ ರೀಸೆಟ್ ಆಗುತ್ತದೆ. 3ಎಸ್‌ನಲ್ಲಿ ಈ ತೊಂದರೆ ಇಲ್ಲ. ಆದರೆ ಸರ್ವೋಗೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟಿದ್ದರೆ 3ಎಸ್ ಹಾಕುವ ಮೊದಲು ಅದನ್ನು ಕಿತ್ತುಹಾಕಿ. 8.4 ವೋಲ್ಟ್ ತಾಳುವ ಸರ್ವೋ ತುಂಬಿದ 3ಎಸ್‌ನ 12.6ಕ್ಕೆ ಸುಟ್ಟುಹೋಗುತ್ತದೆ.

ಶಕ್ತಿಯ ಲೆಕ್ಕದಲ್ಲಿ 2ಎಸ್ 5000 ಎಂಎಎಚ್ ಮತ್ತು 3ಎಸ್ 3300 ಎಂಎಎಚ್ ಎರಡೂ ಸುಮಾರು 37 ವ್ಯಾಟ್-ಅವರ್, ಹಾಗಾಗಿ ಓಟದ ಸಮಯದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಸಿ ರೇಟಿಂಗ್‌ಗಿಂತ (ಬ್ಯಾಟರಿ ಎಷ್ಟು ಕರೆಂಟ್ ಕೊಡಬಲ್ಲದು ಎಂಬ ಅಂಕಿ) ತೂಕ ಮತ್ತು ಆಕಾರ ನೋಡಿ ಕೊಳ್ಳುತ್ತೇನೆ, ಬ್ಯಾಟರಿ ಮುಂದೆ, ತಗ್ಗಿನಲ್ಲಿ ಕೂರಬೇಕು.

ಚಕ್ರ ಸಿಕ್ಕಿಹಾಕಿಕೊಂಡಾಗ ಟ್ರಿಗರ್ ಒತ್ತಿ ಹಿಡಿಯಬೇಡಿ. ಆಗ ಬ್ಯಾಟರಿಯಿಂದ ಹೋಗುವ ಕರೆಂಟ್ ಕಡಿಮೆ ಕಂಡರೂ ಸುರುಳಿಯಲ್ಲಿ ಹರಿಯುವುದು ಅದರ ಹಲವು ಪಟ್ಟು. ಮೋಟಾರ್ ಡಬ್ಬಿಯ ಮೇಲೆ ಎರಡು ಸೆಕೆಂಡಿಗಿಂತ ಹೆಚ್ಚು ಬೆರಳಿಡಲಾಗದಿದ್ದರೆ ಅದು 60 ಡಿಗ್ರಿಯ ಆಸುಪಾಸು, ಒಳಗಿನ ಸುರುಳಿ ಇನ್ನೂ ಬಿಸಿ. ಅಲ್ಲಿಗೆ ನಿಲ್ಲಿಸಿ.

ಕೊನೆಯದಾಗಿ ಕಟ್-ಆಫ್, ಅಂದರೆ ಬ್ಯಾಟರಿ ತೀರಾ ಇಳಿಯುವ ಮೊದಲು ಇಎಸ್‌ಸಿ ಮೋಟಾರ್ ನಿಲ್ಲಿಸುವ ವೋಲ್ಟೇಜ್. ಸೆಲ್ ಸಂಖ್ಯೆಯನ್ನು ಆಟೋದಲ್ಲಿ ಬಿಟ್ಟರೆ, 8.4 ವೋಲ್ಟ್‌ಗೆ ಇಳಿದ 3ಎಸ್ ಬ್ಯಾಟರಿಯನ್ನು ಇಎಸ್‌ಸಿ ತುಂಬಿದ 2ಎಸ್ ಎಂದು ಎಣಿಸಬಹುದು. ಆಗ ಪ್ರತಿ ಸೆಲ್ ಆಗಲೇ 2.8ರಲ್ಲಿರುತ್ತದೆ, ಮುಂದೆ ಓಡಿಸಿದರೆ ಬ್ಯಾಟರಿ ಊದಿಕೊಳ್ಳುತ್ತದೆ. ಪ್ರೋಗ್ರಾಮ್ ಕಾರ್ಡ್‌ನಲ್ಲಿ (ಇಎಸ್‌ಸಿ ಸೆಟ್ಟಿಂಗ್ ಬದಲಿಸುವ ಸಾಧನ) 3ಎಸ್ ಎಂದೇ ಗಟ್ಟಿ ಮಾಡಿ, ಸೆಲ್‌ಗೆ 3.4 ವೋಲ್ಟ್‌ಗೆ ಕಟ್-ಆಫ್ ಇಡಿ. ಮನೆಗೆ ಬಂದ ಮೇಲೆ 3.8ಕ್ಕೆ ತಂದು ಎತ್ತಿಡಿ.