ದುರ್ಗದ ಕೋಟೆಯಲ್ಲಿ ಮಾರ್ಗದರ್ಶಿಯೊಡನೆ ಒಂದು ದಿನ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಇಷ್ಟು ಹತ್ತಿರವಿದ್ದರೂ ಕೋಟೆಯನ್ನು ನಾನು ಸರಿಯಾಗಿ ನೋಡಿದ್ದು ಮೂರನೆಯ ಸಲ ಹೋದಾಗ. ಮೊದಲೆರಡು ಸಲ ನಡುಮಧ್ಯಾಹ್ನದ ಬಿಸಿಲಿನಲ್ಲಿ ಹತ್ತಿ, ಫಲಕಗಳನ್ನು ಓದಿ ಇಳಿದು ಬಂದಿದ್ದೆ. ಈ ಸಲ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಮುನ್ನ ನಾನೇ ತಿಳಿದುಕೊಳ್ಳಬೇಕೆಂದು ಬೆಳಿಗ್ಗೆಯೇ ಹೊರಟು, ಅದೇ ಊರಿನ ಹಿರಿಯ ಮಾರ್ಗದರ್ಶಿಯೊಬ್ಬರನ್ನು ಜೊತೆ ಮಾಡಿಕೊಂಡೆ. ಕೈಯಲ್ಲಿ ಎರಡು ಪಟ್ಟಿಗಳಿದ್ದವು: ಒಂದು ಗುಡಿಗಳದು, ಇನ್ನೊಂದು ಯುದ್ಧಕ್ಕೆ ಸಂಬಂಧಿಸಿದ ಜಾಗಗಳದು.

ಪಟ್ಟಿಯನ್ನು ನೋಡಿದ ಅವರು, "ಮೇಷ್ಟ್ರೇ, ಮೊದಲು ದಂಡೆತ್ತಿ ಬಂದವರ ಹಾಗೆ ಒಳಗೆ ಬನ್ನಿ, ಆಮೇಲೆ ನೋಡೋಣ" ಎಂದರು. ಅದರ ಅರ್ಥ ಬಾಗಿಲ ಬಳಿಯೇ ತಿಳಿಯಿತು. ದಾರಿ ಬಾಗಿಲಿಗೆ ನೇರವಾಗಿ ಬರದೆ ಗೋಡೆಗಳ ನಡುವೆ ಹಾವಿನಂತೆ ತಿರುಗುತ್ತದೆ. ಓಡಿಬಂದು ಕದಕ್ಕೆ ಗುದ್ದಲು ಆನೆಗೆ ಜಾಗವೇ ಸಿಗದು, ತಿರುಗುವಷ್ಟರಲ್ಲಿ ಅದು ಮೇಲೆ ನಿಂತವರ ಗುರಿಗೆ ಬೀಳುತ್ತದೆ. ಗಾರೆಯಿಲ್ಲದೆ ಕೂರಿಸಿದ ಕಣಶಿಲೆಯ ಸಂದಿಯಲ್ಲಿ ನನ್ನ ಉಗುರು ಸಹ ಇಳಿಯಲಿಲ್ಲ. ಒಳಗೆ, ಕಲ್ಲು ಕಟ್ಟಿದ ಗುಂಡಿಯೊಂದರಲ್ಲಿ ಸಿಡಿಮದ್ದು ಅರೆಯುವ ನಾಲ್ಕು ಭಾರೀ ಬೀಸುವ ಕಲ್ಲುಗಳಿವೆ. ಅವುಗಳ ಮುಂದೆ ನಾನು ಬಹಳ ಹೊತ್ತು ನಿಂತೆ.

ಏಕನಾಥೇಶ್ವರಿಯ ಗುಡಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಎಂದು ಮೇಲೇರುತ್ತಿದ್ದಂತೆ ನನ್ನ ಎರಡು ಪಟ್ಟಿಗಳೂ ಬೆರೆತುಹೋದವು, ಏಕೆಂದರೆ ಗುಡಿಗಳಿರುವುದು ಕಾವಲಿನ ಸುತ್ತುಗಳ ಒಳಗೆ, ಯುದ್ಧದಲ್ಲಿ ಬೇಕಾಗುವ ನೀರಿನ ಹೊಂಡಗಳ ನೆರೆಯಲ್ಲಿ. ಗೋಪಾಲಸ್ವಾಮಿ ಹೊಂಡಕ್ಕೆ ದೇವರ ಹೆಸರಿದೆ; ಮುತ್ತಿಗೆಯ ತಿಂಗಳುಗಳಲ್ಲಿ ಕೋಟೆಯ ಜನರನ್ನು ಉಳಿಸಿದ್ದು ಇಂಥ ಹೊಂಡಗಳಲ್ಲಿ ನಿಂತ ಮಳೆನೀರು. ಈ ಸಂಬಂಧ ಯಾವ ಫಲಕದಿಂದಲೂ ನನಗೆ ಹೊಳೆದಿರಲಿಲ್ಲ. ಹಿಡಿಂಬೇಶ್ವರದಲ್ಲಿ ಹಿಡಿಂಬನದೆಂದು ಹೇಳುವ ಹಲ್ಲನ್ನು ತೋರಿಸುವಾಗ ಅವರು "ಅಂತಾರೆ" ಎಂಬ ಪದವನ್ನು ಒತ್ತಿ ಹೇಳಿದರು. ಐತಿಹ್ಯವನ್ನು ಐತಿಹ್ಯವಾಗಿಯೇ ಹೇಳುವ ಆ ಶಿಸ್ತು ನನಗೆ ಬಹಳ ಹಿಡಿಸಿತು.

ಓಬವ್ವನ ಕಿಂಡಿಯನ್ನು ಅವರು ಬೇಕೆಂದೇ ಕೊನೆಗೆ ಇಟ್ಟಿದ್ದರು. ನನ್ನನ್ನು ನೇರವಾಗಿ ಅಲ್ಲಿಗೆ ಒಯ್ಯದೆ ಮೊದಲು ತಣ್ಣೀರು ದೋಣಿ ಎಂಬ ಸಣ್ಣ ನೀರಿನ ತಾಣದ ಬಳಿ ನಿಲ್ಲಿಸಿದರು. ಕಾವಲುಗಾರ ಗಂಡ ಊಟಕ್ಕೆ ಕುಳಿತಿದ್ದಾಗ ಓಬವ್ವ ನೀರಿಗೆಂದು ಬಂದದ್ದು ಇಲ್ಲಿಗೆ. ಹೈದರಾಲಿಯ ಸೈನಿಕರು ಬಂಡೆಯ ಸಂದಿಯಿಂದ ನುಸುಳುತ್ತಿರುವುದು ಅವಳಿಗೆ ತಿಳಿದದ್ದೂ ಇಲ್ಲಿಯೇ. ಅಲ್ಲಿಂದ ಕಿಂಡಿಗೆ ನಡೆದು, ಸೊಂಟ ಬಾಗಿಸಿ, ಭುಜವನ್ನು ಒಂದು ಮಗ್ಗುಲಿಗೆ ತಿರುಗಿಸಿ ನುಸುಳಿದಾಗ ತಲೆಯೇ ಮೊದಲು ಹೊರಬರುತ್ತದೆಂಬುದು ಮೈಗೇ ಅರಿವಾಯಿತು. ಒಬ್ಬರ ಹಿಂದೆ ಒಬ್ಬರೇ ಬರಬಹುದಾದ ಆ ದಾರಿಯಲ್ಲಿ ಒಂದು ಒನಕೆ ಏನು ಮಾಡಬಲ್ಲದೆಂಬುದನ್ನು ನಾನು ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ, ಅರ್ಥವಾದದ್ದು ಅಂದು.

ಕೋಟೆ ಕೊನೆಗೆ 1779ರಲ್ಲಿ ಹೈದರನ ಕೈಸೇರಿತು, ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಅಕ್ಕ-ತಂಗಿ ಹೊಂಡದ ದಡದಲ್ಲಿ, ನಾಯಕನ ರಾಣಿಯರು ಅದರಲ್ಲಿ ಪ್ರಾಣ ಬಿಟ್ಟರೆಂಬ ಕಥೆಯನ್ನು ಮತ್ತದೇ "ಅಂತಾರೆ"ಯೊಂದಿಗೆ ಹೇಳಿ ಅವರು ಸುಮ್ಮನಾದರು.

ಇಳಿಯುವಾಗ ಎರಡು ಪಟ್ಟಿಗಳನ್ನೂ ಹೊಡೆದುಹಾಕಿ, ಮಕ್ಕಳ ಪ್ರವಾಸಕ್ಕೆ ಒಂದೇ ದಾರಿಯನ್ನು ಬರೆದುಕೊಂಡೆ. ತಣ್ಣೀರು ದೋಣಿಯಿಂದ ಕಿಂಡಿಯವರೆಗೆ ಪ್ರತಿ ಮಗುವೂ ತುಂಬಿದ ನೀರಿನ ಬಾಟಲಿ ಹಿಡಿದು ಮಾತಾಡದೆ ನಡೆಯಬೇಕು ಎಂದು ಅದರ ಕೆಳಗೆ ಗುರುತು ಹಾಕಿಕೊಂಡಿದ್ದೇನೆ.