ಮೂರನೇ ಫ್ಲೈವೀಲ್

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಮನೆಗೆ ಬರಬೇಕಾದರೆ ಒಂದು ಏರು ಹತ್ತಬೇಕು. ಮಾವನ ಕಾರು ಒಂದು ದಿನ ಅದರ ಅರ್ಧದಲ್ಲೇ ನಿಂತಿತು. 1.3 ಲೀಟರ್ ಪೆಟ್ರೋಲ್ ಎಂಜಿನ್, ಮೂರು ಗೇರಿನ ಆಟೋಮ್ಯಾಟಿಕ್. ಗಾಡಿಗೆ ಇಪ್ಪತ್ತು ವರ್ಷ ದಾಟಿತ್ತು. ಎಂಜಿನ್ ಇನ್ನೂ ಗಟ್ಟಿ. ಗೇರ್ ಬಾಕ್ಸ್ ಮಾತ್ರ ಮುಗಿದಿತ್ತು. ಆಕ್ಸಿಲರೇಟರ್ ಒತ್ತಿದರೆ ಬೊಬ್ಬೆ ಹೊಡೆಯುತ್ತದೆ, ಚಕ್ರ ತಿರುಗುವುದಿಲ್ಲ. ಅದೇ ಮಾಡೆಲ್ ಮ್ಯಾನುವಲ್‌ನಲ್ಲೂ ಬಂದಿತ್ತಾದ್ದರಿಂದ ಬಾಕ್ಸ್ ಬದಲಿಸುವುದು ಅಂತ ತೀರ್ಮಾನಿಸಿದೆ. ಕೆಲಸ ನಮ್ಮ ಶೆಡ್ಡಿನಲ್ಲೇ. ಜೊತೆಗೆ ಬದಿಯಡ್ಕದ ಒಬ್ಬ ಮೆಕ್ಯಾನಿಕ್ ಇಚ್ಚ.

ಮಂಗಳೂರಿನ ಒಂದು ಗುಜರಿಯಲ್ಲಿ ಮ್ಯಾನುವಲ್ ಗೇರ್ ಬಾಕ್ಸ್, ಕ್ಲಚ್ ಪೆಡಲ್, ಕೇಬಲ್, ಗೇರ್ ಲಿವರ್ ಎಲ್ಲ ಸಿಕ್ಕಿತು. ಎಂಜಿನ್ ಆಗಲೇ ಬೇರೆ ಯಾರಿಗೋ ಮಾರಿ ಆಗಿತ್ತು. ಎಂಜಿನ್ನಿನ ತಿರುಗುವ ಶಾಫ್ಟಿನ (ಕ್ರಾಂಕ್) ತುದಿಗೆ ಕಟ್ಟುವ ಭಾರದ ಚಕ್ರ, ಫ್ಲೈವೀಲ್, ಅದರ ಜೊತೆ ಹೋಗಿತ್ತು. "ಅದು ಎಲ್ಲಿಯಾದ್ರೂ ಸಿಗ್ತದೆ" ಅಂದರು. ನಾನೂ ನಂಬಿದೆ.

ಇಂಥ ಆಟೋಮ್ಯಾಟಿಕ್ ಗಾಡಿಯಲ್ಲಿ ಫ್ಲೈವೀಲ್ ಅಂತ ಇರುವುದೇ ಇಲ್ಲ. ಕ್ರಾಂಕ್‌ನ ಹಿಂದೆ ಒಂದು ತೆಳು ಉಕ್ಕಿನ ತಟ್ಟೆ ಇರುತ್ತದೆ, ಫ್ಲೆಕ್ಸ್ ಪ್ಲೇಟ್. ಅದರ ಅಂಚಿನಲ್ಲಿ ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರಿಗೆ ಹಲ್ಲು, ಮೈಗೆ ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಬೋಲ್ಟ್. ಭಾರ ಎಲ್ಲ ಎಣ್ಣೆ ತುಂಬಿದ ಆ ಕನ್ವರ್ಟರಿನದ್ದು. ಮ್ಯಾನುವಲ್‌ಗೆ ಬಂದರೆ ಆ ಭಾರವನ್ನು ಬೀಡಿನ (ಎರಕದ ಕಬ್ಬಿಣದ) ಫ್ಲೈವೀಲ್ ಹೊರಬೇಕು, ಮೇಲಾಗಿ ಕ್ಲಚ್ ಪ್ಲೇಟ್ ಉಜ್ಜಲು ಸಮತಟ್ಟಾದ ಮುಖವೂ ಬೇಕು. ಅಂದರೆ ಈ ಒಂದು ಚಕ್ರ ನಾಲ್ಕು ಕಡೆ ಹೊಂದಬೇಕು: ಕ್ರಾಂಕ್, ಸೆಲ್ಫ್, ಕ್ಲಚ್, ಗೇರ್ ಬಾಕ್ಸ್. ಮೂರು ಹೊಂದಿ ಒಂದು ತಪ್ಪಿದರೂ ಅದು ಬರೀ ಕಬ್ಬಿಣ.

ಇದು ಆಗ ನನಗೆ ಗೊತ್ತಿರಲಿಲ್ಲ. ಮೊದಲನೆಯದು ಕುಂಬಳೆಯ ಗುಜರಿಯಲ್ಲಿ ಸಿಕ್ಕಿತು. ಕ್ರಾಂಕ್‌ಗೆ ಹಿಡಿದು ನೋಡಿದರೆ ತೂತುಗಳೆಲ್ಲ ಸರಿಯಾಗಿ ಕೂತವು. ಖುಷಿಯಲ್ಲಿ ಎಲ್ಲ ಕಟ್ಟಿ, ಸೆಲ್ಫ್ ಮೋಟಾರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ನೋಡಿದೆವು. ಕರ್‌ರ್ ಅಂತ ಒಂದು ಸದ್ದು. ಹಲ್ಲು ಕಚ್ಚುತ್ತಲೇ ಇಲ್ಲ. ಮತ್ತೆ ಬಾಕ್ಸ್ ಇಳಿಸಿ, ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಎಣಿಸಿದೆ. ಫ್ಲೆಕ್ಸ್ ಪ್ಲೇಟಿಗಿಂತ ಎರಡು ಕಮ್ಮಿ! ಎರಡು ಹಲ್ಲು ಕಮ್ಮಿ ಅಂದರೆ ರಿಂಗ್ ಗೇರಿನ (ಅಂಚಿನ ಹಲ್ಲಿನ ಬಳೆಯ) ಸುತ್ತಳತೆಯೂ ಕಮ್ಮಿ. ಸೆಲ್ಫ್‌ನ ಪಿನಿಯನ್ (ಚಿಕ್ಕ ಹಲ್ಲುಚಕ್ರ) ತುದಿಯಲ್ಲಿ ಮಾತ್ರ ಉಜ್ಜುತ್ತಿತ್ತು. "ಎಂಜಿನ್ ಒಂದೇ ಕಂಪೆನಿದು ಅಲ್ವಾ, ಆಗ್ತದೆ ಅಂತ ಮಾಡಿದ್ದೆ ಮಾರಾಯ" ಅಂದರು ಇಚ್ಚ. ಅವರನ್ನು ಬೈಯುವ ಹಾಗಿಲ್ಲ, ಆರಿಸಿದ್ದು ನಾನೇ.

ಎರಡನೆಯದನ್ನು ಹಲ್ಲು ಎಣಿಸಿಯೇ ತಂದೆ. ಈ ಸಲ ಕ್ಲಚ್ ಕೈಕೊಟ್ಟಿತು. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಕೂರಿಸುವ ಪಿನ್ನುಗಳು ಸ್ವಲ್ಪ ಒಳಗಿದ್ದವು. ಅದು ಚಿಕ್ಕ ಕ್ಲಚ್ಚಿನ ಗಾಡಿಯದು. ಹೊಸ ತೂತು ಕೊರೆಸೋಣ ಅಂತ ಯಾರೋ ಹೇಳಿದರು. ನಿಮಿಷಕ್ಕೆ ಐದಾರು ಸಾವಿರ ಸುತ್ತು ತಿರುಗುವ ಬೀಡು ಅದು, ಕಾಲಿನ ಪಕ್ಕದಲ್ಲೇ. ಬೇಡಪ್ಪಾ ಅಂದೆ.

ಆಮೇಲೆ ಬುದ್ಧಿ ಬಂತು. ಒಂದು ರಟ್ಟು ತೆಗೆದುಕೊಂಡು, ಕ್ರಾಂಕ್‌ನ ತುದಿಗೆ ಗ್ರೀಸ್ ಬಳಿದು, ರಟ್ಟನ್ನು ಒತ್ತಿ ಅಚ್ಚು ತೆಗೆದೆ. ನಡುವಿನ ತೂತಿನ ಅಳತೆ ವರ್ನಿಯರ್‌ನಲ್ಲಿ ಹಿಡಿದು ಅದರ ಮೇಲೆಯೇ ಬರೆದೆ. ಗೇರ್ ಬಾಕ್ಸಿನ ಶಾಫ್ಟಿಗೆ ಸರಿಯಾಗಿ ಕೂರುವ ಕ್ಲಚ್ ಪ್ಲೇಟನ್ನೂ ಪ್ರೆಷರ್ ಪ್ಲೇಟನ್ನೂ ಮೊದಲೇ ಕೊಂಡು ಚೀಲಕ್ಕೆ ಹಾಕಿದೆ. ಫ್ಲೆಕ್ಸ್ ಪ್ಲೇಟೂ ಜೊತೆಗೆ. ನಮ್ಮದು ಮುಂದಿನ ಚಕ್ರ ಎಳೆಯುವ ಗಾಡಿ, ಗೇರ್ ಬಾಕ್ಸಿನ ಶಾಫ್ಟಿನ ತುದಿಗೆ ಆಸರೆ ಕೊಡುವ ಪೈಲಟ್ ಬೇರಿಂಗ್ ಕ್ರಾಂಕ್ ತುದಿಯಲ್ಲಿ ಬೇಕಿರಲಿಲ್ಲ. ಹಿಂದಿನ ಚಕ್ರ ಎಳೆಯುವ ಗಾಡಿಗೆ ಈ ಕೆಲಸ ಮಾಡುವವರು ಅದನ್ನೂ ನೋಡಿಕೊಳ್ಳಬೇಕು.

ಕಾಸರಗೋಡಿನಲ್ಲಿ ಮಧ್ಯಾಹ್ನ ಚೆನ್ನೈ ಮೇಲ್ ಹತ್ತಿ ಬೆಳಿಗ್ಗೆ ಇಳಿದೆ. ಸೀದಾ ಪುದುಪೇಟೆ. ಹಳೆ ಬಿಡಿಭಾಗಗಳ ಬೀದಿ ಅದು, ನೋಡಿದಷ್ಟೂ ಮುಗಿಯುವುದಿಲ್ಲ. ನನ್ನ ತಮಿಳು ಅಷ್ಟಕ್ಕಷ್ಟೇ, ಮಲಯಾಳ ಬೆರೆಸಿ ದೂಡಿದೆ. ನಾಲ್ಕನೇ ಅಂಗಡಿಯಲ್ಲಿ ಅದೇ ಮಾಡೆಲಿನ ಮ್ಯಾನುವಲ್ ಎಂಜಿನ್ ಇನ್ನೂ ಬಿಚ್ಚದೆ ಬಿದ್ದಿತ್ತು. ಬಿಚ್ಚಿಸಿ, ರಟ್ಟು ಇಟ್ಟೆ, ಹಲ್ಲು ಎಣಿಸಿದೆ, ಪ್ರೆಷರ್ ಪ್ಲೇಟ್ ಕೂರಿಸಿದೆ. ಎಲ್ಲ ಹೊಂದಿತು. ನಡುವಿನ ತೂತಿಗೆ ಬೆರಳು ಹಾಕಿ ಎತ್ತಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಂಟೆ ಹಾಗೆ ನಾದ ಬಂತು. ಬಿರುಕು ಬಿಟ್ಟ ಬೀಡು ಹಾಗೆ ಕೂಗುವುದಿಲ್ಲ. ಫ್ಲೈವೀಲಿನ ಬೋಲ್ಟುಗಳನ್ನೂ ಕೇಳಿ ತೆಗೆದುಕೊಂಡೆ. ಫ್ಲೆಕ್ಸ್ ಪ್ಲೇಟಿನ ಬೋಲ್ಟು ಗಿಡ್ಡ, ದಪ್ಪ ಫ್ಲೈವೀಲಿಗೆ ಹಾಕಿದರೆ ನಾಲ್ಕೇ ಎಳೆ ಹಿಡಿಯುತ್ತದೆ.

ಮುಖದ ಮೇಲೆ ಅಲ್ಲಲ್ಲಿ ನೀಲಿ ಕಲೆಗಳಿದ್ದವು, ಹಳೆ ಕ್ಲಚ್ ಬಿಸಿಯಾದ ಗುರುತು. ಕಾಸರಗೋಡಿನ ವಿದ್ಯಾನಗರದ ಲೇತ್‌ನಲ್ಲಿ ಮುಖ ಕೆತ್ತಿ ಸಮ ಮಾಡಿಸಿದೆ (ಫೇಸಿಂಗ್). ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಫ್ಲೈವೀಲಿನಲ್ಲಿ ಪ್ಲೇಟ್ ಉಜ್ಜುವ ಮುಖ ಒಂದು ಮಟ್ಟ, ಪ್ರೆಷರ್ ಪ್ಲೇಟ್ ಕೂರುವ ಅಂಚು ಇನ್ನೊಂದು ಮಟ್ಟ. ಒಂದನ್ನು ಎಷ್ಟು ಕೆತ್ತುತ್ತೇವೋ ಇನ್ನೊಂದನ್ನೂ ಅಷ್ಟೇ ಕೆತ್ತಬೇಕು. ಮುಖ ಮಾತ್ರ ತೆಗೆದರೆ ಕ್ಲಚ್ಚಿನ ಹಿಡಿತ ಸಡಿಲ ಆಗುತ್ತದೆ. ಲೇತಿನ ಹುಡುಗ "ಹಿಂದಿನಿಂದ ಭಾರ ಇಳಿಸಿ ಕೊಡ್ಲಾ, ಪಿಕಪ್ ಜಾಸ್ತಿ ಆಗ್ತದೆ" ಅಂದ. ನಮ್ಮ ಏರಿನಲ್ಲಿ ನಿಲ್ಲಿಸಿ ಹೊರಡಬೇಕಾದರೆ ಭಾರವೇ ಆಧಾರ. ಬೇಡ ಅಂದೆ.

ಕ್ರಾಂಕ್‌ನ ಹಿಂದಿನ ಆಯಿಲ್ ಸೀಲ್ ಹೊಸತು ಹಾಕಿದೆವು. ಮತ್ತೊಮ್ಮೆ ಬಾಕ್ಸ್ ಇಳಿಸುವ ತಾಕತ್ತು ಇಬ್ಬರಿಗೂ ಇರಲಿಲ್ಲ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಕೊನೆಗೆ ಟಾರ್ಕ್ ರೆಂಚ್ ಹಾಕಿದೆವು. ಕೀ ತಿರುಗಿಸಿದರೆ ಈ ಸಲ ಸದ್ದೇ ಇಲ್ಲ! ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಆಟೋಮ್ಯಾಟಿಕ್ ಗಾಡಿ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಸೆಲ್ಫ್‌ಗೆ ಕರೆಂಟ್ ಬಿಡುವುದಿಲ್ಲ. ಆ ಸ್ವಿಚ್ ಹಳೆ ಬಾಕ್ಸಿನ ಜೊತೆ ಮೂಲೆ ಸೇರಿತ್ತು. ಆ ವಯರನ್ನು ಕ್ಲಚ್ ಪೆಡಲಿನ ಸ್ವಿಚ್ಚಿಗೆ ಕೊಟ್ಟೆವು. ಒಂದೇ ಸಲಕ್ಕೆ ಸ್ಟಾರ್ಟ್.

ಮಾವ ಈಗ ಎರಡನೇ ಗೇರಿನಲ್ಲಿ ಏರು ಹತ್ತಿ ಬರುತ್ತಾರೆ. ಮೊದಲ ಎರಡು ಫ್ಲೈವೀಲ್‌ಗಳು ಅಂಗಳದಲ್ಲಿವೆ. ಅಡಿಕೆ ಮೇಲೆ ಹೊದಿಸುವ ಟಾರ್ಪಾಲು ಗಾಳಿಗೆ ಹಾರದ ಹಾಗೆ, ಮೂಲೆಗೆ ಒಂದೊಂದು.